ಅಳಿಯುತ್ತಿರುವ ಹಳೆಯ ಕಟ್ಟಡಗಳು: ಜನರ ಗಮನ ಸೆಳೆಯುವಲ್ಲಿ ಕಲೆಯ ಪಾತ್ರ

ನಿತ್ಯವೂ ಓಡಾಡುವ ಬೀದಿಯಲ್ಲಿರುವ ಒಂದು ಹಳೆಯ ಕಟ್ಟಡವನ್ನು ಮನಸ್ಸಿಗೆ ತಂದುಕೊಂಡು, ಅದರ ಮುಂಭಾಗದಲ್ಲಿ ಎಷ್ಟು ಕಂಬಗಳಿವೆ, ಕಿಟಕಿಗಳ ಮೇಲ್ಭಾಗ ಕಮಾನಿನ ಆಕಾರದ್ದೋ ಚೌಕವೋ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿಗೆ ಉತ್ತರ ತೋಚದು. ಕಟ್ಟಡ ಕಣ್ಣಮುಂದೆಯೇ ಇದ್ದರೂ ನಾವು ಅದನ್ನು ನೋಡಿರುವುದಿಲ್ಲ. ಒಂದು ದಿನ ಅದು ನೆಲಸಮವಾಗಿ, ತಗಡಿನ ಬೇಲಿ ಎದ್ದಾಗ ಮಾತ್ರ ಅಲ್ಲಿ ಏನಿತ್ತೆಂಬ ಪ್ರಶ್ನೆ ಏಳುತ್ತದೆ. ಆ ವೇಳೆಗೆ ಕಾಲ ಮಿಂಚಿರುತ್ತದೆ.

ಹೀಗೆ ಗಮನಕ್ಕೆ ಬಾರದೆ ಅಳಿಯುವ ಕಟ್ಟಡಗಳತ್ತ ಜನರ ದೃಷ್ಟಿಯನ್ನು ತಿರುಗಿಸಲು ಕಲೆಯು ಬಹುಕಾಲದಿಂದ ನೆರವಾಗಿದೆ. ಚಿತ್ರ, ರೇಖಾಚಿತ್ರ, ಛಾಯಾಚಿತ್ರ, ಬೀದಿಯ ಕಲಾ ಉತ್ಸವ ಇವೆಲ್ಲವೂ ಬೇರೆ ಬೇರೆ ಕಾಲಗಳಲ್ಲಿ ಈ ಕೆಲಸ ಮಾಡಿವೆ. ಇವುಗಳಿಂದ ಎಷ್ಟು ಪ್ರಯೋಜನವಾಗಿದೆ, ಎಲ್ಲಿ ಕಲೆಯ ಶಕ್ತಿ ಸಾಲದಾಗಿದೆ, ಸಾಮಾನ್ಯ ನಾಗರಿಕನು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಷ್ಟದ ಸ್ವರೂಪ

1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ನಿವೇಶನಗಳು ಹಾಗೂ ಅವಶೇಷಗಳ ಅಧಿನಿಯಮದ ಮೇರೆಗೆ ದೇಶದಲ್ಲಿ ಮೂರು ಸಾವಿರದ ಆರುನೂರಕ್ಕೂ ಹೆಚ್ಚು ಸ್ಮಾರಕಗಳು ರಾಷ್ಟ್ರೀಯ ಮಹತ್ವವುಳ್ಳವೆಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ರಾಜ್ಯ ಸರ್ಕಾರಗಳ ರಕ್ಷಣೆಯಲ್ಲಿರುವ ಸ್ಮಾರಕಗಳು ಬೇರೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕಟ್ಟಡ ಉಳಿದಿದೆ ಎಂದು ಭಾವಿಸುವಂತಿಲ್ಲ. ಭಾರತದ ನಿಯಂತ್ರಕರು ಮತ್ತು ಮಹಾಲೇಖಪಾಲರು 2013ರಲ್ಲಿ ಸಲ್ಲಿಸಿದ ವರದಿಯಲ್ಲಿ, ಸ್ಥಳ ಪರಿಶೀಲನೆಗೆ ಒಳಪಟ್ಟ ಸಂರಕ್ಷಿತ ಸ್ಮಾರಕಗಳ ಪೈಕಿ 92 ಸ್ಮಾರಕಗಳು ಕಾಣಸಿಗಲಿಲ್ಲವೆಂದು ತಿಳಿಸಲಾಯಿತು. ಮುಂದೆ ನಡೆದ ಶೋಧನೆಯಲ್ಲಿ ಕೆಲವು ಪತ್ತೆಯಾದವು. 2022ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ನೀಡಿದ ಮಾಹಿತಿಯಂತೆ 50 ಸ್ಮಾರಕಗಳು ಕಾಣೆಯಾಗಿಯೇ ಉಳಿದಿದ್ದವು. ಅವುಗಳಲ್ಲಿ 14 ನಗರ ಬೆಳವಣಿಗೆಗೆ ಬಲಿಯಾಗಿದ್ದವು. 12 ಜಲಾಶಯಗಳಲ್ಲಿ ಮುಳುಗಿದ್ದವು. ಉಳಿದ 24 ಎಲ್ಲಿದ್ದವೆಂಬುದೇ ತಿಳಿದುಬರಲಿಲ್ಲ. ಕಾನೂನಿನ ರಕ್ಷಣೆ ಇದ್ದವುಗಳ ಸ್ಥಿತಿಯೇ ಹೀಗಿರುವಾಗ ಯಾವ ಪಟ್ಟಿಯಲ್ಲೂ ಸೇರದ ಮನೆ, ಛತ್ರ, ಮಾರುಕಟ್ಟೆ, ಶಾಲೆ, ಕೆರೆಕಟ್ಟೆಗಳ ಗತಿಯನ್ನು ಊಹಿಸಬಹುದು.

ಕಟ್ಟಡ ಅಳಿಯುವುದಕ್ಕೆ ಕಾರಣಗಳು ಅನೇಕ. ಮಳೆಗಾಲದಲ್ಲಿ ಗೋಡೆಯ ಬಿರುಕಿನಲ್ಲಿ ಮೊಳೆತ ಅರಳಿ ಗಿಡವೊಂದನ್ನು ಕೀಳದೆ ಬಿಟ್ಟರೆ ಅದರ ಬೇರು ಕೆಲವೇ ವರ್ಷಗಳಲ್ಲಿ ಗೋಡೆಯನ್ನು ಸೀಳುತ್ತದೆ. ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ಒಳಗಿನ ತೇವ ಹೊರಬರಲಾರದೆ ಇಟ್ಟಿಗೆಯೇ ಪುಡಿಯಾಗುತ್ತದೆ. ಬಾಡಿಗೆ ಅತ್ಯಲ್ಪವಾಗಿರುವ ಕಟ್ಟಡವನ್ನು ಮಾಲೀಕನು ದುರಸ್ತಿ ಮಾಡಿಸುವುದಿಲ್ಲ. ಪಿತ್ರಾರ್ಜಿತ ಮನೆ ಹಲವು ಪಾಲುಗಳಾದಾಗ ಮಾರಾಟವೇ ಸುಲಭದ ದಾರಿಯೆನಿಸುತ್ತದೆ. ನೆಲದ ಬೆಲೆ ಕಟ್ಟಡದ ಬೆಲೆಯನ್ನು ಮೀರಿದಾಗ ಅದರ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಈ ಎಲ್ಲ ಕಾರಣಗಳ ಹಿಂದೆ ಜನರ ಅಲಕ್ಷ್ಯವೆಂಬ ಇನ್ನೊಂದು ಕಾರಣವಿದೆ. ಕಲೆಯು ಮುಟ್ಟಬಲ್ಲದ್ದು ಈ ಕೊನೆಯ ಕಾರಣವನ್ನು.

ಚಿತ್ರವೊಂದೇ ಸಾಕ್ಷಿಯಾದಾಗ

ಆಂಧ್ರ ಪ್ರದೇಶದ ಅಮರಾವತಿಯ ಮಹಾಸ್ತೂಪದ ಕಥೆ ಈ ವಿಷಯದಲ್ಲಿ ಮನನೀಯವಾದುದು. ಮೈಸೂರು ಸೀಮೆಯ ಸರ್ವೇಕ್ಷಣೆಯಿಂದ ಕನ್ನಡಿಗರಿಗೆ ಪರಿಚಿತನಾದ ಕಾಲಿನ್ ಮೆಕೆಂಜಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಸ್ಥಳಕ್ಕೆ ಮೊದಲು ಭೇಟಿ ನೀಡಿದನು. 1816ರಲ್ಲಿ ಮರಳಿ ಬಂದಾಗ ಸ್ತೂಪದ ಮಧ್ಯಭಾಗವನ್ನು ಅಗೆದು ತೆಗೆದಿದ್ದರು. ಶಿಲ್ಪಗಳಿದ್ದ ಕಲ್ಲುಗಳು ಸುತ್ತಲಿನ ಕಟ್ಟಡಗಳಿಗೂ ಕೆರೆಯ ಸೋಪಾನಗಳಿಗೂ ಬಳಕೆಯಾಗಿದ್ದವು. ಆತನು ತನ್ನ ನಕ್ಷೆಗಾರರಿಂದ ಉಳಿದ ಶಿಲೆಗಳ ಚಿತ್ರಗಳನ್ನು ಬರೆಯಿಸಿದನು. ಆ ಬಳಿಕ ಕಣ್ಮರೆಯಾದ ಹಲವು ಶಿಲ್ಪಗಳ ಬಗೆಗೆ ಇಂದು ನಮಗೆ ತಿಳಿದಿರುವುದು ಈ ಚಿತ್ರಗಳಿಂದಲೇ. ಉಳಿದ ಶಿಲೆಗಳು ಮುಖ್ಯವಾಗಿ ಚೆನ್ನೈ ಮತ್ತು ಲಂಡನ್ನಿನ ವಸ್ತುಸಂಗ್ರಹಾಲಯಗಳಿಗೆ ಹಂಚಿಹೋಗಿವೆ.

ದೆಹಲಿಯಲ್ಲಿ ಇದೇ ಕೆಲಸವನ್ನು ಅಲ್ಲಿನವರೇ ಮಾಡಿದರು. ಸರ್ ಸೈಯದ್ ಅಹಮದ್ ಖಾನರು 1847ರಲ್ಲಿ ‘ಆಸಾರ್-ಉಸ್-ಸನಾದೀದ್’ ಎಂಬ ಉರ್ದು ಗ್ರಂಥದಲ್ಲಿ ದೆಹಲಿಯ ಕಟ್ಟಡಗಳನ್ನು ನೂರಕ್ಕೂ ಹೆಚ್ಚು ಚಿತ್ರಗಳೊಡನೆ ವಿವರಿಸಿದರು. ಕುತುಬ್ ಮಿನಾರದ ಎತ್ತರದ ಶಾಸನಗಳನ್ನು ಓದುವುದಕ್ಕೆ ಅವರು ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕುಳಿತು ಮೇಲೇರುತ್ತಿದ್ದರೆಂದು ಅವರ ಜೀವನಚರಿತ್ರೆಯಲ್ಲಿ ಹೇಳಿದೆ. ಹತ್ತೇ ವರ್ಷಗಳಲ್ಲಿ, 1857ರ ಸಂಗ್ರಾಮದ ತರುವಾಯ, ಕೆಂಪುಕೋಟೆಯ ಒಳಗೂ ಸುತ್ತಲೂ ಇದ್ದ ಕಟ್ಟಡಗಳನ್ನು ದೊಡ್ಡ ಪ್ರಮಾಣದಲ್ಲಿ ಕೆಡವಲಾಯಿತು. ಷಾಜಹಾನನ ಕಾಲದ ಅಕ್ಬರಾಬಾದಿ ಮಸೀದಿಯೂ ಹಾಗೆ ನೆಲಸಮವಾಯಿತು. ಅದು ಹೇಗಿತ್ತೆಂದು ತಿಳಿಯಬಯಸುವವರು ಇಂದಿಗೂ ಆ ಗ್ರಂಥವನ್ನೇ ತೆರೆಯಬೇಕು.

ಪುಣೆಯ ಶನಿವಾರವಾಡೆಯೂ ಇಂಥದೇ ಉದಾಹರಣೆ. 1828ರ ಬೆಂಕಿಯಲ್ಲಿ ಒಳಗಿನ ಅರಮನೆ ಸುಟ್ಟುಹೋಗಿ, ಈಗ ಕೋಟೆಗೋಡೆ, ಬಾಗಿಲುಗಳು ಮತ್ತು ಅಡಿಪಾಯಗಳು ಮಾತ್ರ ಕಾಣುತ್ತವೆ. ಪೇಶ್ವೆಯ ದರ್ಬಾರಿನ ವೈಭವವನ್ನು ಕಲ್ಪಿಸಿಕೊಳ್ಳಲು ನೆರವಾಗುವುದು, ಜೇಮ್ಸ್ ವೇಲ್ಸನು ಪುಣೆಯಲ್ಲಿ ಬರೆದುಕೊಂಡ ರೇಖಾಚಿತ್ರಗಳನ್ನು ಆಧರಿಸಿ ಥಾಮಸ್ ಡೇನಿಯಲ್‌ನು 1805ರಲ್ಲಿ ಪೂರೈಸಿದ ವರ್ಣಚಿತ್ರ.

ಅಜಂತಾದ ಪಾಠ

ಮೇಲಿನ ಉದಾಹರಣೆಗಳಲ್ಲಿ ಚಿತ್ರವು ನಷ್ಟವನ್ನು ದಾಖಲಿಸಿತೇ ಹೊರತು ತಡೆಯಲಿಲ್ಲ. ಚಿತ್ರಕಾರರ ಶ್ರಮ ಸಂರಕ್ಷಣೆಗೆ ದಾರಿಮಾಡಿದ ನಿದರ್ಶನ ಅಜಂತಾದಲ್ಲಿ ದೊರೆಯುತ್ತದೆ.

ಅಲ್ಲಿನ ಭಿತ್ತಿಚಿತ್ರಗಳ ಪ್ರತಿ ತೆಗೆಯುವ ಕಾರ್ಯವನ್ನು 1844ರಲ್ಲಿ ರಾಬರ್ಟ್ ಗಿಲ್ ಆರಂಭಿಸಿದನು. ಅನೇಕ ವರ್ಷಗಳ ಆ ದುಡಿಮೆಯ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾಯಿತು. 1872ರಿಂದ 1885ರವರೆಗೆ ಜಾನ್ ಗ್ರಿಫಿತ್ಸ್ ಮತ್ತು ಮುಂಬಯಿಯ ಕಲಾಶಾಲೆಯ ವಿದ್ಯಾರ್ಥಿಗಳು ಮತ್ತೆ ಪ್ರತಿಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿಯೂ ಹಲವು 1885ರಲ್ಲಿ ಲಂಡನ್ನಿನಲ್ಲಿಯೇ ಬೆಂಕಿಗೆ ಸಿಕ್ಕಿದವು. ಪ್ರತಿಯೂ ಶಾಶ್ವತವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯ ಪ್ರಯತ್ನ 1909 ಮತ್ತು 1911ರ ನಡುವೆ ಲೇಡಿ ಹೆರಿಂಗ್‌ಹ್ಯಾಂ ನೇತೃತ್ವದಲ್ಲಿ ನಡೆಯಿತು. ಆಕೆಗೆ ನೆರವಾದವರಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್, ಹೈದರಾಬಾದಿನ ಸೈಯದ್ ಅಹಮದ್ ಮೊದಲಾದವರಿದ್ದರು. ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರೂ ಈ ತಂಡದಲ್ಲಿದ್ದರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಈ ಪ್ರತಿಗಳು 1915ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿ ಅಜಂತಾದ ಕೀರ್ತಿಯನ್ನು ಇನ್ನಷ್ಟು ಹರಡಿದವು. ಗುಹೆಗಳು ಆಗ ನಿಜಾಮರ ಆಡಳಿತಕ್ಕೆ ಸೇರಿದ್ದವು. 1914ರಲ್ಲಿ ಹೈದರಾಬಾದ್ ಸಂಸ್ಥಾನವು ಗುಲಾಂ ಯಜ್ದಾನಿಯವರ ಹೊಣೆಯಲ್ಲಿ ಪುರಾತತ್ವ ಇಲಾಖೆಯನ್ನು ಸ್ಥಾಪಿಸಿತು. 1920ರ ದಶಕದ ಆರಂಭದಲ್ಲಿ ಇಟಲಿಯಿಂದ ಇಬ್ಬರು ತಜ್ಞರನ್ನು ಕರೆಸಿ ಚಿತ್ರಗಳ ರಕ್ಷಣಾಕಾರ್ಯ ಮಾಡಿಸಿತು. ಪ್ರತಿ ತೆಗೆಯಲು ಬಂದಿದ್ದ ಸೈಯದ್ ಅಹಮದರು ಮುಂದೆ ಅಜಂತಾದ ಮೇಲ್ವಿಚಾರಕರೇ ಆದರು.

ಇದರಲ್ಲಿ ಇನ್ನೊಂದು ಪಾಠವೂ ಇದೆ. ಮಾಸಿದ ಚಿತ್ರಗಳು ಸ್ಪಷ್ಟವಾಗಿ ಕಾಣಲೆಂದು ಹತ್ತೊಂಬತ್ತನೆಯ ಶತಮಾನದ ಪ್ರತಿಕಾರರು ಗೋಡೆಗೆ ವಾರ್ನಿಷ್ ಬಳಿದರು. ಕಾಲಕ್ರಮದಲ್ಲಿ ಅದೇ ಕಪ್ಪಾಗಿ ಮೂಲವನ್ನು ಮಸುಕುಗೊಳಿಸಿತು. ಇಟಲಿಯ ತಜ್ಞರು ಲೇಪಿಸಿದ ಅರಗಿನ ದ್ರಾವಣದಿಂದಲೂ ಇಂಥದೇ ತೊಂದರೆಯಾಯಿತು. ಪ್ರೀತಿಯಿಂದ ಮಾಡಿದ ಕೆಲಸವೂ ವಿವೇಚನೆಯಿಲ್ಲದಿದ್ದರೆ ಹಾನಿ ತರುತ್ತದೆ.

ಹಂಪಿ: ಒಂದೇ ಸ್ಥಳ, ಎರಡು ಕಾಲ

ಕಟ್ಟಡವೊಂದು ನಿಧಾನವಾಗಿ ಅಳಿಯುತ್ತಿರುವಾಗ ಅದರ ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ. ಒಂದೇ ಸ್ಥಳದಿಂದ ಬೇರೆ ಬೇರೆ ಕಾಲಗಳಲ್ಲಿ ತೆಗೆದ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಮಾತ್ರ ಅದು ತಿಳಿಯುತ್ತದೆ. ಹಂಪಿಯಲ್ಲಿ ಇದು ಸಾಧ್ಯವಾಯಿತು.

ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ, ಛಾಯಾಗ್ರಹಣವು ಇನ್ನೂ ಶೈಶವದಲ್ಲಿದ್ದಾಗ, ಮೇಣ ಸವರಿದ ಕಾಗದದ ನೆಗೆಟಿವ್‌ಗಳನ್ನು ಬಳಸಿ ವಿಜಯನಗರದ ಅವಶೇಷಗಳ ಸುಮಾರು ಅರುವತ್ತು ಛಾಯಾಚಿತ್ರಗಳನ್ನು ತೆಗೆದನು. ಬಹುಕಾಲ ಇವು ಎಲ್ಲಿವೆಯೆಂದು ತಿಳಿದಿರಲಿಲ್ಲ. 1980ರಲ್ಲಿ ಇಂಗ್ಲೆಂಡಿನಲ್ಲಿ ಪತ್ತೆಯಾದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಅದೇ ಕಟ್ಟಡಗಳ ಚಿತ್ರಗಳನ್ನು ಮತ್ತೆ ತೆಗೆದರು. ಎರಡನ್ನೂ ಹೋಲಿಸಿದಾಗ ನೂರ ಇಪ್ಪತ್ತೇಳು ವರ್ಷಗಳಲ್ಲಿ ಕುಸಿದುದು, ಕಳಚಿದುದು, ಉಳಿದುದು ನಿಚ್ಚಳವಾಗಿ ಕಾಣುತ್ತದೆ.

ವಿಟ್ಠಲ ದೇವಾಲಯದ ಕಲ್ಲಿನ ರಥವನ್ನು ತಿಳಿಯದ ಕನ್ನಡಿಗರಿಲ್ಲ. 2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿಯೂ ಅದರ ಚಿತ್ರವಿದೆ. ನಮಗೆ ಪರಿಚಿತವಾದ ರಥದ ಮೇಲ್ಭಾಗ ಚಪ್ಪಟೆಯಾಗಿದೆ. ಆದರೆ 1856ರ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವೊಂದು ಎದ್ದು ನಿಂತಿದೆ. ರಥವು ಪೂರ್ಣವಾಗಿಯೇ ಉಳಿದಿದೆಯೆಂದು ನಂಬಿದ್ದವರಿಗೆ ಆ ಹಳೆಯ ಚಿತ್ರವನ್ನು ನೋಡಿದಾಗಲೇ ಏನು ಕಳೆದುಹೋಗಿದೆಯೆಂಬುದರ ಅರಿವಾಗುತ್ತದೆ.

1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯನ್ನು, ಆನೆಗೊಂದಿಯ ಬಳಿಯ ಸೇತುವೆ ನಿರ್ಮಾಣವೇ ಮೊದಲಾದ ಕಾರಣಗಳಿಂದ, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಲಾಗಿತ್ತು. 2006ರಲ್ಲಿ ಅದು ಆ ಪಟ್ಟಿಯಿಂದ ಹೊರಬಂದಿತು. ಲೋಕಪ್ರಸಿದ್ಧ ತಾಣಕ್ಕೂ ಎಚ್ಚರಿಕೆಯ ಕಾವಲು ಬೇಕೆಂಬುದು ಇದರಿಂದ ವಿದಿತವಾಗುತ್ತದೆ.

ಮುಂಬಯಿ ಮತ್ತು ಚೆನ್ನೈನ ಪ್ರಯತ್ನಗಳು

ಸ್ವಾತಂತ್ರ್ಯಾನಂತರ ಮಹಾನಗರಗಳಲ್ಲಿ ಹಳೆಯ ಕಟ್ಟಡಗಳ ಮೇಲಿನ ಒತ್ತಡ ಹೆಚ್ಚಿದಂತೆ ಕಲಾವಿದರೂ ನಾಗರಿಕರೂ ಒಂದುಗೂಡಿ ನಡೆಸಿದ ಪ್ರಯತ್ನಗಳು ಗಮನಾರ್ಹವಾಗಿವೆ. ಮುಂಬಯಿಯಲ್ಲಿ 1995ರಲ್ಲಿ ಪಾರಂಪರಿಕ ಕಟ್ಟಡಗಳ ರಕ್ಷಣೆಗಾಗಿ ನಗರಮಟ್ಟದ ನಿಯಮಗಳು ಜಾರಿಗೆ ಬಂದವು. ದೇಶದಲ್ಲಿ ಇಂಥ ನಿಯಮಗಳು ಇವೇ ಮೊದಲಿನವು. ಅದರ ಬೆನ್ನಿಗೇ 1998ರಲ್ಲಿ ಕಾಲಾ ಘೋಡಾ ಸಂಘ ಸ್ಥಾಪಿತವಾಗಿ, 1999ರಿಂದ ಕಲಾ ಉತ್ಸವ ಆರಂಭವಾಯಿತು. ಬೀದಿಯಲ್ಲಿಯೇ ಚಿತ್ರ, ಶಿಲ್ಪ, ಸಂಗೀತ, ನಾಟಕಗಳನ್ನು ಏರ್ಪಡಿಸಿ ಜನರನ್ನು ಆ ಪ್ರದೇಶಕ್ಕೆ ಕರೆತರುವುದು, ಅಲ್ಲಿನ ಕಟ್ಟಡಗಳನ್ನು ಅವರಿಗೆ ಪರಿಚಯಿಸುವುದು, ಒದಗಿದ ಹಣವನ್ನು ದುರಸ್ತಿಗೆ ಬಳಸುವುದು ಇದರ ಕ್ರಮ. 1884ರ ಕೆನೆಸೆತ್ ಎಲಿಯಾಹೂ ಯೆಹೂದಿ ಪ್ರಾರ್ಥನಾ ಮಂದಿರ 2019ರಲ್ಲಿ ಪುನರುಜ್ಜೀವನಗೊಂಡಾಗ ಆ ಕಾರ್ಯದಲ್ಲಿ ಈ ಸಂಘವೂ ಕೈಜೋಡಿಸಿತ್ತು.

ಆ ಪ್ರದೇಶದ ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. ಕುದುರೆಯೇರಿದ ಏಳನೆಯ ಎಡ್ವರ್ಡನ ಕಪ್ಪು ಪ್ರತಿಮೆಯಿಂದ ಆ ಹೆಸರು ಬಂದಿತು. 1965ರಲ್ಲಿ ಪ್ರತಿಮೆಯನ್ನು ಅಲ್ಲಿಂದ ತೆಗೆದು ಬೈಖಲಾದ ಉದ್ಯಾನಕ್ಕೆ ಸಾಗಿಸಿದರೂ ಜನರ ನಾಲಿಗೆಯಿಂದ ‘ಕಪ್ಪು ಕುದುರೆ’ ಹೋಗಲಿಲ್ಲ. 2017ರಲ್ಲಿ ಸವಾರನಿಲ್ಲದ ಹೊಸ ಕುದುರೆಯ ಪ್ರತಿಮೆಯನ್ನು ಅಲ್ಲಿ ನಿಲ್ಲಿಸಲಾಯಿತು.

ಆದರೆ ಇದೇ ಪ್ರದೇಶದಲ್ಲಿ ಎಸ್‌ಪ್ಲನೇಡ್ ಮ್ಯಾನ್ಷನ್ ಎಂಬ ಹಿಂದಿನ ವಾಟ್ಸನ್ಸ್ ಹೋಟೆಲೂ ಇದೆ. 1860ರ ದಶಕದಲ್ಲಿ ಇಂಗ್ಲೆಂಡಿನಿಂದ ಎರಕದ ಕಬ್ಬಿಣದ ಭಾಗಗಳನ್ನು ತರಿಸಿ ಕಟ್ಟಿದ ಈ ಕಟ್ಟಡದಲ್ಲಿ 1896ರ ಜುಲೈ 7ರಂದು ಭಾರತದ ಮೊದಲ ಚಲನಚಿತ್ರ ಪ್ರದರ್ಶನ ನಡೆಯಿತು. 2005ರಲ್ಲಿ ಇದರ ಬಾಲ್ಕನಿ ಕುಸಿದು ಒಬ್ಬರು ಮೃತಪಟ್ಟರು. 2006ರ ವಿಶ್ವ ಸ್ಮಾರಕ ನಿಧಿಯ ಪಟ್ಟಿಯಲ್ಲಿ ಜಗತ್ತಿನ ನೂರು ಅಪಾಯಸ್ಥಿತಿಯ ತಾಣಗಳಲ್ಲೊಂದೆಂದು ಇದನ್ನು ಹೆಸರಿಸಲಾಯಿತು. 2019ರಲ್ಲಿ ನಿವಾಸಿಗಳನ್ನು ತೆರವುಗೊಳಿಸಲಾಯಿತು. ವರ್ಷವರ್ಷವೂ ಉತ್ಸವದ ಸಡಗರ ನೆರೆಯುವ ಸ್ಥಳದಲ್ಲಿಯೇ ಇಂಥದೊಂದು ಕಟ್ಟಡ ಶಿಥಿಲವಾದುದನ್ನು ನೋಡಿದರೆ, ಗಮನ ಸೆಳೆಯುವುದು ಮೊದಲ ಹೆಜ್ಜೆ ಮಾತ್ರವೆಂದು ತಿಳಿಯುತ್ತದೆ. ಮಾಲೀಕತ್ವ, ಬಾಡಿಗೆ, ದುರಸ್ತಿಯ ವೆಚ್ಚ ಇವುಗಳ ತೊಡಕನ್ನು ಬಿಡಿಸುವುದು ಕಲೆಯಿಂದ ಆಗುವ ಕೆಲಸವಲ್ಲ.

ಚೆನ್ನೈನಲ್ಲಿ 1900ರಲ್ಲಿ ಆರಂಭವಾದ ಮೂರ್ ಮಾರುಕಟ್ಟೆ ಹಳೆಯ ಪುಸ್ತಕಗಳಿಗೆ ಹೆಸರಾಗಿತ್ತು. 1985ರ ಬೆಂಕಿಯಲ್ಲಿ ಅದು ನಾಶವಾಗಿ, ಆ ಸ್ಥಳದಲ್ಲಿ ರೈಲ್ವೆ ಇಲಾಖೆಯ ಕಟ್ಟಡ ಬಂದಿತು. ಅದರ ಮುಂದೆ ಹಳೆಯ ಮಾರುಕಟ್ಟೆಯ ಕಿರು ಮಾದರಿಯೊಂದನ್ನು ನಿಲ್ಲಿಸಲಾಗಿದೆ. ಅವಸರದಲ್ಲಿ ರೈಲು ಹಿಡಿಯುವವರು ಅದರ ಪಕ್ಕದಲ್ಲಿಯೇ ಹಾದುಹೋಗುತ್ತಾರೆ.

ಅದೇ ನಗರದಲ್ಲಿ ನೆಲೆಸಿದ್ದ ಮನೋಹರ ದೇವದಾಸರ ಬದುಕು ಈ ಸಂದರ್ಭದಲ್ಲಿ ಸ್ಮರಣೀಯ. 1936ರಲ್ಲಿ ಮಧುರೆಯಲ್ಲಿ ಜನಿಸಿದ ಅವರು ವೃತ್ತಿಯಿಂದ ರಸಾಯನಶಾಸ್ತ್ರಜ್ಞರು. ಅಕ್ಷಿಪಟಲದ ರೋಗದಿಂದ ದೃಷ್ಟಿ ಕ್ರಮೇಣ ಕುಗ್ಗುತ್ತಿದ್ದರೂ, ಮಸೂರಗಳ ನೆರವಿನಿಂದ ಮಧುರೆ ಮತ್ತು ಚೆನ್ನೈನ ಪಾರಂಪರಿಕ ಕಟ್ಟಡಗಳನ್ನು ಲೇಖನಿ ಮತ್ತು ಮಸಿಯಿಂದ ಬಲು ಸೂಕ್ಷ್ಮವಾಗಿ ಚಿತ್ರಿಸಿದರು. ಆ ಚಿತ್ರಗಳುಳ್ಳ ಶುಭಾಶಯ ಪತ್ರಗಳು ಧರ್ಮಕಾರ್ಯಕ್ಕಾಗಿ ಮಾರಾಟವಾಗಿ ಅನೇಕ ಮನೆಗಳನ್ನು ತಲುಪಿದವು. 2020ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಅವರು 2022ರಲ್ಲಿ ನಿಧನರಾದರು. ಕಣ್ಣು ಚೆನ್ನಾಗಿರುವ ನಾವು ನೋಡದೆ ಹಾದುಹೋಗುವ ಕಮಾನು, ಜಾಲಂಧ್ರಗಳನ್ನು ದೃಷ್ಟಿ ಕಳೆದುಕೊಳ್ಳುತ್ತಿದ್ದ ಒಬ್ಬರು ಒಂದೊಂದಾಗಿ ಎಣಿಸಿ ಕಾಗದದ ಮೇಲೆ ಉಳಿಸಿದರೆಂಬುದು ಆಲೋಚಿಸಬೇಕಾದ ವಿಷಯ.

ಕಲೆಯ ಮಿತಿಗಳು

ಕಲೆಯನ್ನು ಈ ಉದ್ದೇಶಕ್ಕೆ ಬಳಸುವಾಗ ಕೆಲವು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಪಾಳುಬಿದ್ದ ಗೋಡೆಯನ್ನು ಸುಂದರವಾಗಿ ಚಿತ್ರಿಸಿದಾಗ ನೋಡುವವರು ಪಾಳನ್ನೇ ಮೆಚ್ಚಿ ಸುಮ್ಮನಾಗುವ ಸಂಭವವಿದೆ. ಚಿತ್ರದ ಜೊತೆಗೆ ಕಟ್ಟಡದ ಹೆಸರು, ಕಾಲ, ಇಂದಿನ ಸ್ಥಿತಿ, ಅದಕ್ಕಿರುವ ಅಪಾಯ ಇವುಗಳನ್ನು ತಿಳಿಸುವ ನಾಲ್ಕು ಸಾಲುಗಳಿರಬೇಕು. ಎರಡನೆಯದಾಗಿ, ಜಾಗೃತಿಯ ಹೆಸರಿನಲ್ಲಿ ಹಳೆಯ ಗೋಡೆಗಳ ಮೇಲೆಯೇ ಬಣ್ಣ ಬಳಿಯಬಾರದು. ಸುಣ್ಣದ ಗಾರೆ ಮತ್ತು ಕಲ್ಲುಗಳು ತೇವವನ್ನು ಹೊರಬಿಡಬೇಕು. ಆಧುನಿಕ ಬಣ್ಣದ ಪದರ ಅದನ್ನು ತಡೆಯುತ್ತದೆ. ಮೂರನೆಯದಾಗಿ, ಚಿತ್ರವಿದೆಯಲ್ಲ ಎಂಬ ಸಮಾಧಾನ ಸಲ್ಲದು. ಕಟ್ಟಡದ ನೆರಳು, ಒಳಗಿನ ತಂಪು, ಅದನ್ನು ಕಟ್ಟಿದವರ ಕೈಚಳಕ, ಅಲ್ಲಿ ಬಾಳಿದವರ ರೂಢಿ ಇವು ಕಾಗದದ ಮೇಲೆ ಬರುವುದಿಲ್ಲ.

ನಾಗರಿಕರು ಮಾಡಬಹುದಾದುದು

ನಮ್ಮ ಸಂಮಿಶ್ರ ಸಂಸ್ಕೃತಿಯ ಸಮೃದ್ಧ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಸಂವಿಧಾನದ 51ಎ ಅನುಚ್ಛೇದದ ಮೇರೆಗೆ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. ಈ ಕರ್ತವ್ಯವನ್ನು ನೆರವೇರಿಸಲು ದೊಡ್ಡ ಕಲಾವಿದರೇ ಆಗಬೇಕಿಲ್ಲ.

ನಿಮ್ಮ ಬಡಾವಣೆಯ ಹಳೆಯ ಕಟ್ಟಡವೊಂದನ್ನು ಆರಿಸಿಕೊಂಡು ರಸ್ತೆಯ ಒಂದು ನಿರ್ದಿಷ್ಟ ಸ್ಥಳದಿಂದ ಅದರ ಛಾಯಾಚಿತ್ರ ತೆಗೆಯಿರಿ. ನಿಂತ ಸ್ಥಳ ಮತ್ತು ದಿನಾಂಕವನ್ನು ಬರೆದಿಡಿ. ಪ್ರತಿ ವರ್ಷ ಮಳೆಗಾಲದ ನಂತರ ಅದೇ ಸ್ಥಳದಿಂದ ಮತ್ತೆ ತೆಗೆಯಿರಿ. ಬಿರುಕು ಹಿಗ್ಗಿದ್ದರೆ, ಗಿಡ ಬೆಳೆದಿದ್ದರೆ, ತೊಲೆ ಬಾಗಿದ್ದರೆ ಈ ಚಿತ್ರಗಳೇ ಪುರಾವೆಯಾಗುತ್ತವೆ. ಮನೆಯ ಹಿರಿಯರಿಂದ ಆ ಕಟ್ಟಡದ ಬಗೆಗೆ ತಿಳಿದುದನ್ನು ಬರೆದುಕೊಳ್ಳಿ. ಶಾಲೆಗಳಲ್ಲಿ ಮಕ್ಕಳನ್ನು ಅಂಥ ಕಟ್ಟಡದ ಮುಂದೆ ಕೂರಿಸಿ ಚಿತ್ರ ಬರೆಯಿಸಬಹುದು. ಒಂದು ಗಂಟೆ ಕುಳಿತು ಬಾಗಿಲೊಂದನ್ನು ಬರೆದ ಮಗು ಆ ಬಾಗಿಲನ್ನು ಮರೆಯುವುದಿಲ್ಲ. ಪರಸ್ಥಳದ ಕನ್ನಡ ಸಂಘಗಳು ರಾಜ್ಯೋತ್ಸವದ ವೇಳೆ ಚಿತ್ರಪ್ರದರ್ಶನ ಏರ್ಪಡಿಸುವಾಗ ಹಂಪಿ, ಬೇಲೂರುಗಳ ಜೊತೆಗೆ ತಾವು ನೆಲೆಸಿರುವ ಊರಿನ ಕಟ್ಟಡಗಳಿಗೂ ಸ್ಥಾನ ನೀಡಬಹುದು. ಬದುಕು ಕೊಟ್ಟ ಊರಿನ ಪರಂಪರೆಯೂ ನಮ್ಮದೇ ಅಲ್ಲವೆ?

ಅಪಾಯ ಕಂಡಾಗ ಸಂಗ್ರಹಿಸಿದ ಚಿತ್ರಗಳೊಡನೆ ಲಿಖಿತ ಮನವಿಯನ್ನು ಸಂಬಂಧಿಸಿದ ಕಛೇರಿಗೆ ಸಲ್ಲಿಸಬೇಕು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕವಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಲಯ ಕಛೇರಿಗೂ, ರಾಜ್ಯದ ಸ್ಮಾರಕವಾದರೆ ರಾಜ್ಯ ಪುರಾತತ್ವ ಇಲಾಖೆಗೂ, ಇತರ ಕಟ್ಟಡಗಳ ಬಗೆಗೆ ನಗರಪಾಲಿಕೆಗೂ, ಪಾರಂಪರಿಕ ಕಟ್ಟಡಗಳ ಸಮಿತಿಯಿದ್ದಲ್ಲಿ ಅದಕ್ಕೂ ಬರೆಯಬಹುದು. 1984ರಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ಕಲೆ ಮತ್ತು ಸಾಂಸ್ಕೃತಿಕ ಪರಂಪರೆ ನ್ಯಾಸದ ಶಾಖೆಗಳು ಅನೇಕ ಊರುಗಳಲ್ಲಿದ್ದು ಸಲಹೆ ನೀಡುತ್ತವೆ. ಅಗತ್ಯವಾದರೆ ನ್ಯಾಯಾಲಯದ ದಾರಿಯೂ ತೆರೆದಿದೆ. ಹೈದರಾಬಾದಿನ ಇರ್ರಂ ಮಂಜಿಲ್ ಅರಮನೆಯನ್ನು ಕೆಡವಿ ಹೊಸ ಕಟ್ಟಡ ನಿರ್ಮಿಸುವ ತೀರ್ಮಾನವನ್ನು ನಾಗರಿಕರು ಪ್ರಶ್ನಿಸಿದಾಗ ತೆಲಂಗಾಣ ಉಚ್ಚ ನ್ಯಾಯಾಲಯವು 2019ರಲ್ಲಿ ಆ ತೀರ್ಮಾನವನ್ನು ರದ್ದುಪಡಿಸಿತು.

ಸಂಸತ್ತಿಗೆ ನೀಡಿದ ಲೆಕ್ಕದಲ್ಲಿ, ಎಲ್ಲಿದ್ದವೆಂದೂ ತಿಳಿಯದ 24 ಸ್ಮಾರಕಗಳಿದ್ದವು. ಅವುಗಳ ಪಕ್ಕದಲ್ಲಿಯೂ ಜನರು ನಿತ್ಯ ನಡೆದಾಡಿರಬೇಕು. ಯಾರಾದರೊಬ್ಬರು ನಿಂತು ನೋಡಿ, ಒಂದು ಚಿತ್ರ ಬರೆದು, ಸ್ಥಳದ ಹೆಸರನ್ನು ಕೆಳಗೆ ನಮೂದಿಸಿದ್ದರೆ ಅವುಗಳನ್ನು ಹುಡುಕುವ ಶ್ರಮ ಎಷ್ಟೋ ಕಡಿಮೆಯಾಗುತ್ತಿತ್ತು. ನಮ್ಮ ಬೀದಿಯ ಕಟ್ಟಡಕ್ಕೆ ಆ ಗತಿ ಬಾರದಂತೆ ನೋಡಿಕೊಳ್ಳಲು ಕಾಲವಿನ್ನೂ ಮಿಂಚಿಲ್ಲ.